ಇಲ್ಲದ ರೋಗಕ್ಕೆ ಔಷಧಿ ಕೊಟ್ಟ ಡಾಕ್ಟರಮ್ಮ

ಪಶುವೈದ್ಯ ಇಲಾಖೆಯ ಮೇಲಧಿಕಾರಿಗಳಾದ ಮಾನ್ಯರೇ,

ನಮ್ಮೂರಿನ ದನಗಳಲ್ಲಿ ಒಂದಕ್ಕೂ ಚರ್ಮಗಂಟು ರೋಗ ಇಲ್ಲವೆಂದು ತಾವು ಪತ್ರಿಕೆಯಲ್ಲಿ ಘೋಷಿಸಿದಿರಿ. ಓದಿದ ಕೂಡಲೇ ನಮ್ಮ ಹಸುವಿಗೆ ತಿಳಿಸಿದೆ. ಮೈತುಂಬ ಗಂಟುಗಳೆದ್ದು, ಜ್ವರದಲ್ಲಿ ಕಿವಿ ಜೋತುಬಿದ್ದಿದ್ದರಿಂದ ಅದಕ್ಕೆ ಸರಿಯಾಗಿ ಕೇಳಿಸಲಿಲ್ಲವೇನೋ.

ನಾನು ಪರದೆ, ದಿಂಬಿನ ಚೀಲ ಹೊಲಿಯುವ ದರ್ಜಿ. ನಮ್ಮ ಮನೆ ನಡೆಯುವುದು ಹಿತ್ತಲಿನ ಒಂದೇ ಹಸುವಿನ ಹಾಲಿನಿಂದ; ನನ್ನ ಹೊಲಿಗೆಯಿಂದ ನಡೆಯುವುದು ಮೆಷಿನ್ ಮಾತ್ರ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಹಸು ಮೇವು ಬಿಟ್ಟ ದಿನ ಅವಳೂ ಊಟ ಬಿಟ್ಟಳು. ಇಬ್ಬರೂ ಸೇರಿ ಅದನ್ನು ನಿಧಾನಕ್ಕೆ ನಡೆಸಿಕೊಂಡು ತಮ್ಮ ಆಸ್ಪತ್ರೆಗೆ ಹೋದೆವು. ಗೇಟಿನಲ್ಲಿ ಕಾವಲುಗಾರ ತಡೆದ.

“ರೋಗದ ದನ ಒಳಗೆ ಬಿಡೋ ಹಾಗಿಲ್ಲ. ಮೇಲಿನವರ ಆರ್ಡರು. ಅಂಟುರೋಗ ಅಲ್ವಾ?”

“ಮತ್ತೆ ಆಸ್ಪತ್ರೆಗೆ ಯಾವ ದನ ತರ್ಬೇಕಪ್ಪಾ?” ಎಂದಳು ನನ್ನ ಹೆಂಡತಿ.

“ಹುಷಾರಾಗಿರೋದು ತನ್ನಿ ಅಕ್ಕಾ.”

ತಮ್ಮ ಲೆಕ್ಕದ ಗುಟ್ಟು ನನಗೆ ಹೊಳೆದದ್ದು ಆಗ. ಒಳಗೆ ಬಂದ ದನಗಳನ್ನಷ್ಟೇ ಎಣಿಸುತ್ತೀರಿ. ರೋಗದ ದನವನ್ನು ಒಳಗೆ ಬಿಡುವುದಿಲ್ಲ. ಈ ಉಪಾಯವನ್ನು ಮನುಷ್ಯರ ಆಸ್ಪತ್ರೆಗಳಿಗೂ ವಿಸ್ತರಿಸಿದರೆ ನಾವೆಲ್ಲ ಚಿರಂಜೀವಿಗಳಲ್ಲವೇ?

ಇನ್ನು ರೋಗದ ಕಾರಣಕ್ಕೆ ಬರೋಣ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಇದು ಹರಡುತ್ತದೆ, ಎಲ್ಲೂ ನೀರು ನಿಲ್ಲಲು ಬಿಡಬೇಡಿ ಎಂದು ಆಸ್ಪತ್ರೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಅದೇ ಗೋಡೆಯ ಬುಡದಲ್ಲಿ ಆಸ್ಪತ್ರೆಯ ಚರಂಡಿ ಕಟ್ಟಿಕೊಂಡು ನಿಂತಿದೆ. ಸೊಳ್ಳೆಗಳಿಗೆ ಓದಲು ಬಾರದೆಂಬುದು ಇಲಾಖೆಯ ಗಮನಕ್ಕೆ ಬಂದಿಲ್ಲವೇ?

ಹಿಂದಿರುಗಿ ನಡೆಯಲು ಹಸುವಿಗೆ ತ್ರಾಣವಿರಲಿಲ್ಲ. ಗೇಟಿನ ಮುಂದೆಯೇ ಮಲಗಿಬಿಟ್ಟಿತು, ನೊಣ ಮುತ್ತಿದವು. ನಾನು ಅಂಗಡಿಗೆ ಓಡಿ, ಗಿರಾಕಿಯೊಬ್ಬರು ಕಿಟಕಿಗೆಂದು ಕೊಟ್ಟಿದ್ದ ಬಲೆಬಟ್ಟೆ ತಂದು ಹೊದಿಸಿದೆ. “ಹಸುಗೂ ಸೊಳ್ಳೆಪರದೆಯಾ?” ಎಂದು ದಾರಿಹೋಕರು ನಕ್ಕರು. ನನ್ನ ಹೆಂಡತಿ ಪರದೆಯೊಳಗೆ ನುಗ್ಗಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನನಗೆ ನಗು ಬರಲಿಲ್ಲ.

ಗಲಾಟೆ ಕೇಳಿ ತಮ್ಮ ಕಿರಿಯ ಡಾಕ್ಟರಮ್ಮ ಹೊರಗೆ ಬಂದರು. “ಮೇಡಂ, ಆರ್ಡರು…” ಎಂದ ಕಾವಲುಗಾರ.

“ಹಸು ಒಳಗೆ ಬರ್ಬಾರ್ದು ಅಂತ ತಾನೇ ಇರೋದು? ನಾನು ಹೊರಗೆ ಹೋಗ್ಬಾರ್ದು ಅಂತ ಇಲ್ವಲ್ಲ,” ಎಂದವರೇ ರಸ್ತೆಯಲ್ಲೇ ಮಂಡಿಯೂರಿದರು. ಜ್ವರಕ್ಕೆ ಇಂಜೆಕ್ಷನ್ ಕೊಟ್ಟರು, ಒಡೆದ ಗಂಟುಗಳನ್ನು ತೊಳೆದು ಮುಲಾಮು ಹಚ್ಚಿದರು. ಜ್ವರ ಇಳಿದು ಹಸು ಮನೆ ಸೇರಿದ ಮೇಲೆ ಅಲ್ಲಿಗೂ ಬಂದು ನೋಡಿದರು. ಅಕ್ಕಪಕ್ಕದ ಹುಷಾರಾಗಿದ್ದ ದನಗಳಿಗೆ ಲಸಿಕೆಯನ್ನೂ ಹಾಕಿದರು. ನಮ್ಮ ಹಸು ಉಳಿಯಿತು. ಅದು ಮತ್ತೆ ಹುಲ್ಲು ಅಗಿಯತೊಡಗಿದಾಗ ನನ್ನ ಹೆಂಡತಿ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಕಸ ಬಿತ್ತಂತೆ.

ಈಗ ತಾವು ಆ ಡಾಕ್ಟರಮ್ಮನಿಗೆ, ಇಲ್ಲದ ರೋಗಕ್ಕೆ ಸರ್ಕಾರದ ಔಷಧಿ ಬಳಸಿದ್ದೇಕೆಂದು ನೋಟಿಸ್ ಕೊಟ್ಟಿದ್ದೀರಿ!

ಅದನ್ನು ವಾಪಸ್ ತೆಗೆದುಕೊಳ್ಳಿ. ಚರಂಡಿ ಚೊಕ್ಕಟ ಮಾಡಿಸಿ. ಗೇಟಿನ ಹೊರಗಿರುವ ದನಗಳನ್ನೂ ಎಣಿಸಿ. ನಂಬಿಕೆ ಬಾರದಿದ್ದರೆ ಖುದ್ದಾಗಿ ನಮ್ಮ ಹಿತ್ತಲಿಗೆ ದಯಮಾಡಿಸಿ, ಹಸುವಿನ ಮೈಮೇಲಿನ ಕಲೆಗಳನ್ನು ಮುಟ್ಟಿ ನೋಡಿ. ಹಸು ಒದೆಯುವುದಿಲ್ಲ. ಹೆಂಡತಿಯ ವಿಷಯದಲ್ಲಿ ಮಾತು ಕೊಡಲಾರೆ.

ಇಂತಿ,
ಅವಳು ಹೇಳಿದ್ದರಲ್ಲಿ ಅರ್ಧದಷ್ಟನ್ನು ಮಾತ್ರ ಬರೆಯುವ ಧೈರ್ಯವಿದ್ದ,
ಒಬ್ಬ ದರ್ಜಿ