ಮುಸುಕಿನ ಮುಂದೆ ಮದುವೆ

ವಾಂದೆ ಪ್ರಾಂತ, ಫ್ರಾನ್ಸ್, ೨೭ ಅಕ್ಟೋಬರ್ ೧೮೭೩

ಪ್ರೀತಿಯ ತಂಗಿಗೆ,

ನಮ್ಮ ದೊಡ್ಡಣ್ಣನ ಮಗಳು ಸೊಲಾಂಜಳ ಮದುವೆ ಇಂದು ನಿಂತೇಹೋಗುವುದರಲ್ಲಿತ್ತು. ಗಣರಾಜ್ಯ ಹೋಗಿ ರಾಜನು ಮರಳಿ ಬರುವನೆಂಬ ಸುದ್ದಿ ಕೇಳಿ, ಪುರಭವನದ ಪೀಠದಲ್ಲಿ ಯಾರ ಪ್ರತಿಮೆಯಿರಬೇಕೆಂದು ತೋಚದೆ, ಮೇಯರ್ ಸಾಹೇಬರು ಅದರ ಮೇಲಿದ್ದುದಕ್ಕೆ ಬಿಳಿಯ ಮುಸುಕು ಹಾಕಿಸಿದ್ದರು. "ಒಳಗಿರೋದು ರಾಜ ಅಂದ್ರೆ ಮಾತ್ರ ಬರ್ತೀನಿ" ಎಂದು ವರನ ಅಜ್ಜ ಆನ್ಸೆಲ್ಮ್ ಬಾಗಿಲಲ್ಲೇ ನಿಂತ. ಒಳಗಿರುವುದು ಗಣರಾಜ್ಯದ ದೇವಿಯಲ್ಲದಿದ್ದರೆ ಹೆಣ್ಣು ಕೊಡೆವೆಂದು ನಾನೂ ಪಟ್ಟು ಹಿಡಿದೆ. ಸೊಲಾಂಜ್ ಅಳತೊಡಗಿದಳು.

ಕಸ ಗುಡಿಸುವ ಮುದುಕಿ ಪೆರೀನ್ ರೇಗಿದಳು: "ಐವತ್ತು ವರ್ಷದಲ್ಲಿ ಇದೇ ಪೀಠದ ಮೇಲೆ ಐದು ಮುಖ ಒರೆಸಿದೀನಿ, ಮೇಷ್ಟ್ರೇ! ಗೆದ್ದೋರು ಸೋತೋರಿಗೆ ಜಾಗ ಬಿಡಲ್ಲ, ಸೋತೋರು ಮುಂದಿನ ಸಲ ನೋಡ್ಕೊಳ್ಳೋಣ ಅನ್ನಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರೆ ಮನೇನೇ ಕೆಡವ್ತೀರಿ! ಯಾರನ್ನ ಬೇಕೋ ನೆನೆಸ್ಕೊಂಡು ಟೋಪಿ ತೆಗೀರಿ!"

ಫ್ರಾನ್ಸಿನಲ್ಲಿ ಆಳ್ವಿಕೆಗಳು ಪದೇ ಪದೇ ಉರುಳಿದ ಕಾರಣಗಳನ್ನು ನಾನು ನಲವತ್ತು ವರ್ಷ ಹನ್ನೆರಡು ಅಂಶಗಳಲ್ಲಿ ಬೋಧಿಸಿದ್ದೆ. ಆಕೆ ಒಂದೇ ಉಸಿರಿನಲ್ಲಿ ಮುಗಿಸಿದಳು. ಆನ್ಸೆಲ್ಮ್ ತನ್ನ ರಾಜನಿಗೆ, ನಾನು ನನ್ನ ದೇವಿಗೆ ಟೋಪಿ ತೆಗೆದು ಆಳವಾಗಿ ಬಾಗಿದೆವು. ಮದುವೆಯಾಯಿತು.

ಊಟಕ್ಕೆ ಮೇಜಿನ ಬಟ್ಟೆ ಸಾಲದೆ ಪೆರೀನ್ ಆ ಮುಸುಕನ್ನೇ ಎಳೆದಳು. ಕೆಳಗಿದ್ದದ್ದು ನೀರಿನ ಹೂಜಿ! "ಯಾರು ಬಂದ್ರೂ ನನ್ನ ಮೇಲೆ ತಪ್ಪು ಬರಬಾರದಲ್ಲ" ಎಂದರು ಮೇಯರ್.

ಮೊಣಕಾಲು ನೋವು ಇಳಿದಿದೆ, ಗುರುವಾರ ಊರಿಗೆ ಹೊರಡುವೆನು. ಲಕೋಟೆಯಿಲ್ಲದ ಈ ಹೊಸ ಕಾರ್ಡನ್ನು ನಮ್ಮೂರ ಅಂಚೆಯವನು ಓದದೆ ಬಿಡುವುದಿಲ್ಲ. ಅವನು ನನ್ನ ಶಿಷ್ಯ. ಹೂಜಿಯ ಮಾತಿಗೆ ನಗಕೂಡದೆಂದು ತಿಳಿಸು.

ನಿನ್ನಣ್ಣ