ಚಿಕ್ಕಜಾಲದ ಫ್ಲೆಕ್ಸ್ ಇಳಿಸಿದ್ದೇನೆ

ನನ್ನ ತೇಜು,

ನೀನು ಒಳಗೆ ಡಾಕ್ಟರಮ್ಮನ ಜೊತೆ ಮಾತಾಡುತ್ತಿದ್ದೀಯ. ನಾನು ಹೊರಗೆ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಯಲಹಂಕದ ಈ ಕ್ಲಿನಿಕ್ಕಿಗೆ ನಾವು ಬರುತ್ತಿರುವುದು ಇದು ಆರನೇ ಗುರುವಾರ. ಎದುರಿಗೆ ಹೇಳಹೋದರೆ ಸುಮ್ಮನೆ ರೇಗುತ್ತೇನೆ. ಅದಕ್ಕೇ ಕಾಗದ. ಸೈಟು ಮಾರುವ ದಂಧೆಯಲ್ಲಿ ಕ್ರಯಪತ್ರಕ್ಕೆ ಸಹಿ ಹಾಕುವುದು ಬಿಟ್ಟರೆ ನಾನು ಪೆನ್ನು ಹಿಡಿದು ಎಷ್ಟೋ ವರ್ಷವಾಯಿತು. ತಪ್ಪಿದ್ದರೆ ನಗಬೇಡ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ನಿನಗೆ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತಾರು ಪರ್ಸೆಂಟ್ ಬಂದಾಗ ಚಿಕ್ಕಜಾಲದ ಬಸ್‌ಸ್ಟಾಪಿನ ಎದುರಿಗೆ ಹತ್ತಡಿ ಫ್ಲೆಕ್ಸ್ ಕಟ್ಟಿಸಿದೆನಲ್ಲ, ‘ನಮ್ಮೂರ ಹೆಮ್ಮೆ, ಭಾವಿ ಡಾಕ್ಟರ್ ತೇಜಸ್ವಿನಿ’ ಎಂದು. ಕೆಳಗೆ ಶುಭ ಕೋರುವವರ ಜಾಗದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾನು. ನಿನ್ನ ಫೋಟೋಗಿಂತ ನನ್ನದೇ ದೊಡ್ಡದು! ಡಾಕ್ಟರ್ ಆಗುತ್ತೀಯಾ ಎಂದು ನಿನ್ನನ್ನು ಕೇಳಿಯೇ ಇರಲಿಲ್ಲ. ಪ್ರಿಂಟಿಂಗ್ ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ತೀರ್ಮಾನಿಸಿಬಿಟ್ಟೆ. ಕಟ್ಟಿಸುವಾಗ ಇದ್ದ ಹುಮ್ಮಸ್ಸು ಇಳಿಸುವುದಕ್ಕೆ ನಮ್ಮಲ್ಲಿ ಯಾರಿಗೂ ಇರುವುದಿಲ್ಲ. ಬಿಸಿಲಿಗೆ ಬಣ್ಣ ಹೋದರೂ ಅದು ಅಲ್ಲೇ ಇತ್ತು.

ಪಿಯುಸಿಗೆ ಸೇರಿ ಕೆಲವು ತಿಂಗಳಾದ ಮೇಲೆ ನೀನು ಒಂದು ಸ್ಟಾಪ್ ಹಿಂದೆಯೇ ಇಳಿದು ಮಣ್ಣುದಾರಿಯಲ್ಲಿ ನಡೆದು ಬರತೊಡಗಿದೆ. ವಾಕಿಂಗ್ ಒಳ್ಳೆಯದು ಎಂದು ನಾನು ಖುಷಿಪಟ್ಟೆ. “ಮಗು ಸರಿಯಾಗಿ ಊಟ ಮಾಡ್ತಿಲ್ಲ ರೀ, ನಿದ್ದೆನೂ ಇಲ್ಲ” ಎಂದು ನಿನ್ನಮ್ಮ ಹೇಳಿದಾಗ “ಓದೋ ಮಕ್ಕಳು ಹಂಗೇ ಕಣೇ” ಎಂದೆ. ನಿನಗಿಷ್ಟದ ವಾಚನ್ನು ಗೆಳತಿ ಫರ್ಹೀನ್‌ಗೆ ಕೊಟ್ಟದ್ದು ಗೊತ್ತಾದಾಗ, ಮಗಳ ಕೈ ದೊಡ್ಡದು ಎಂದು ಅಜ್ಜಿಯ ಮುಂದೆ ಜಂಬ ಕೊಚ್ಚಿದೆ. ಸೈಟಿನ ಮಣ್ಣು ನೋಡಿ ಕೆಳಗೆ ಬಂಡೆ ಇದೆಯೋ ಇಲ್ಲವೋ ಹೇಳುವವನು ನಾನು. ಎದುರಿಗೆ ಕೂತ ಮಗಳು ಮಾತ್ರ ಕಾಣಲಿಲ್ಲ.

ಕಂಡದ್ದು ಫರ್ಹೀನ್‌ಗೆ. ಆ ಭಾನುವಾರ ಮಧ್ಯಾಹ್ನ ಬಂದು ವಾಚನ್ನು ಟೇಬಲ್ ಮೇಲೆ ಇಟ್ಟಳು. “ಅಂಕಲ್, ತೇಜು ಇನ್ಮೇಲೆ ನಾನಿರಲ್ಲ ಅಂದ್ಳು. ಯಾರಿಗೂ ಹೇಳ್ಬೇಡ ಅಂತ ಪ್ರಾಮಿಸ್ ಮಾಡಿಸ್ಕೊಂಡಿದ್ದಾಳೆ. ನಾನು ಮುರೀತಿದೀನಿ.” ತಮಾಷೆಗೆ ಅಂದಿರ್ತಾಳೆ ಬಿಡಮ್ಮ ಎಂದರೆ ಅವಳು ಕದಲಲಿಲ್ಲ. “ನೀವು ಹೋಗಿ ಕೇಳೋವರ್ಗೂ ನಾನ್ ಮನೆಗೆ ಹೋಗಲ್ಲ ಅಂಕಲ್.” ಅವಳ ಮೇಲೆ ನಿನಗೆ ಇನ್ನೂ ಮುನಿಸಿದೆ, ಇರಲಿ. ಆದರೆ ಆ ಹುಡುಗಿ ಮಾತು ಮುರಿಯದಿದ್ದರೆ ಈ ಕಾಗದವನ್ನು ನಾನು ಯಾರಿಗೆ ಬರೆಯುತ್ತಿದ್ದೆ?

ನಿನ್ನ ಕೋಣೆಗೆ ಬಂದೆ. “ಸಾಯ್ಬೇಕು ಅನ್ಸ್ತಿದ್ಯಾ ಮಗಾ?” ಎಂದು ನೇರವಾಗಿ ಕೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಮಾತು ಆಡಿರಲಿಲ್ಲ. ನೀನು ಹೌದೆಂದು ತಲೆಯಾಡಿಸಿದೆ. ಫಿಸಿಕ್ಸ್‌ನಲ್ಲಿ ಫೇಲಾದದ್ದನ್ನು ಮುಚ್ಚಿಟ್ಟದ್ದು ಹೇಳಿದೆ. “ಆ ಫ್ಲೆಕ್ಸಲ್ಲಿರೋಳು ನಾನಲ್ಲಪ್ಪ. ಸುಸ್ತಾಗಿದೆ ನಂಗೆ” ಎಂದು ಅತ್ತೆ. ನಾನೂ ಅತ್ತೆ.

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಲ್ಲವೇ ಎಂದು ಡಾಕ್ಟರಮ್ಮನನ್ನು ವಿಚಾರಿಸಿದೆ. “ಇಲ್ಲ, ಕೇಳಿದ್ರಿಂದ್ಲೇ ಬಾಯಿ ಬಿಟ್ಲು” ಎಂದರು. ಫ್ಲೆಕ್ಸ್ ಒಂದೇ ಕಾರಣವಲ್ಲ, ಇದು ಕಾಯಿಲೆ, ಚಿಕಿತ್ಸೆಯಿದೆ ಎಂದರು. ಅಜ್ಜಿ ನಿನಗೆ ದೃಷ್ಟಿ ತೆಗೆದಳು, ತೆಗೆಯಲಿ. ಆದರೆ ಗುರುವಾರ ತಪ್ಪುವುದಿಲ್ಲ. ರಿಜಿಸ್ಟ್ರಾರ್ ಆಫೀಸೇ ಕಾಯಲಿ, ನಾನು ಈ ಬೆಂಚಿನ ಮೇಲೆ ಇರುತ್ತೇನೆ. ಮನೆಯಲ್ಲಿ, ತೋಟದಲ್ಲಿ ಇರಬಾರದ್ದನ್ನೆಲ್ಲ ಅಂದೇ ಹೊರಗೆ ಸಾಗಿಸಿದ್ದೇನೆ. ನನ್ನ ಹತ್ತಿರ ಹೇಳಲು ನಿನಗೆ ಆಗದ ಹೊತ್ತಿಗೆಂದು ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಆ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೇನೆ. ನೀನು ಬೈದರೂ ಕೇಳುತ್ತೇನೆ. ಹೌದು ಎಂದರೆ ಹೆದರಿ ಓಡುವುದಿಲ್ಲ, ಕಿರುಚುವುದಿಲ್ಲ, ನಿನ್ನ ಪಕ್ಕ ಕೂರುತ್ತೇನೆ. ಸೈನ್ಸ್ ಬೇಕೋ ಬೇಡವೋ, ಊರಿನವರು ವಿಚಾರಿಸಿದರೆ ಏನು ಹೇಳಬೇಕು, ಎರಡನ್ನೂ ನೀನು ಹೇಳು. ನಿನ್ನ ವಿಷಯವನ್ನು ಇನ್ನು ನಾನು ಊರಿಗೆಲ್ಲ ಸಾರುವುದಿಲ್ಲ.

ಇವತ್ತು ಬೆಳಿಗ್ಗೆ ಏಣಿ ತಂದು ನಾನೇ ಹತ್ತಿ ಫ್ಲೆಕ್ಸ್ ಬಿಚ್ಚಿದೆ. ಆಳುಗಳಿಗೆ ಹೇಳಲಿಲ್ಲ. “ಏನಣ್ಣ, ಎಲೆಕ್ಷನ್ನಿಗೆ ಹೊಸಾದು ಕಟ್ಟಿಸ್ತೀರಾ?” ಎಂದು ಟೀ ಅಂಗಡಿಯವರು ನಕ್ಕರು, ನಾನೂ ನಕ್ಕೆ. “ನಿನ್ ಮಕ ಒಳಕ್ ಮಾಡಿ ಉಲ್ಲಿನ ಬಣವೆ ಮೇಲೆ ಒದಿಸಾನ ಬಿಡ್ಲಾ” ಎನ್ನುತ್ತಾಳೆ ಅಜ್ಜಿ, ಮಳೆಗೆ ಬಣವೆ ನೆನೆಯದಿರಲಿ ಎಂದು. ಸದ್ಯಕ್ಕೆ ಸುತ್ತಿ ಕೊಟ್ಟಿಗೆಯಲ್ಲಿಟ್ಟಿದ್ದೇನೆ. ಏನು ಮಾಡಬೇಕೆಂದು ನೀನೇ ತೀರ್ಮಾನಿಸು.

ಇವತ್ತು ಕಾರು ತಂದಿಲ್ಲ. ಬಸ್ಸಿನಲ್ಲಿ ಹೋಗೋಣ. ನಮ್ಮ ಸ್ಟಾಪಿನಲ್ಲೇ ಇಳಿಯೋಣ, ನಾನು ಜೊತೆಗಿರುತ್ತೇನೆ. ಅಲ್ಲಿ ಈಗ ಬರೀ ಎರಡು ಕಂಬ, ನಡುವೆ ಆಕಾಶ.

ರ‍್ಯಾಂಕ್ ಬರಲಿ ಎಂದು ಇಷ್ಟು ವರ್ಷ ನಿನ್ನ ತಲೆ ಮುಟ್ಟಿ ಹರಸಿದ್ದೆ. ಆ ಹಾರೈಕೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ. ಪಾಸಾಗು, ಫೇಲಾಗು, ನನ್ನ ಮೇಲೆ ಸಿಟ್ಟಾಗು. ಬದುಕಿರು ಮಗಳೇ. ನನಗೆ ಅಷ್ಟೇ ಬೇಕು.

ಕೂಲಿಂಗ್ ಗ್ಲಾಸ್ ತೆಗೆದಿಟ್ಟ ನಿನ್ನ ಅಪ್ಪ,
ಅಶ್ವತ್ಥ್