ಮೊದಲ ಊಹೆ

ಹೊಲಿಗೆ ಅಂಗಡಿ, ಮನೆಯ ಮುಂದಿನ ಕೋಣೆ
ಹನ್ನೆರಡನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಏಣಿ,

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಹೋದ ವರ್ಷ ಊದಿಕೊಂಡಿದ್ದ ಬಲ ಮಂಡಿ ಈಗ ಹೇಗಿದೆ? ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳುತ್ತೀಯ. ಫೋನಿನಲ್ಲಿ ಮಾತು ಸ್ವಲ್ಪ ಆಳಕ್ಕೆ ಇಳಿದರೆ ಸಾಕು, "ಮ್ಯಾಚ್ ಇದೆ ಅಕ್ಕ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ನಿನ್ನ ಆ ಆಟ ನಡೆಯುವುದಿಲ್ಲ. ಕೊನೆಯ ತನಕ ಓದಲೇಬೇಕು.

ಇಲ್ಲಿ ನಾನು, ಅಪ್ಪ ಇಬ್ಬರೂ ಚೆನ್ನಾಗಿದ್ದೇವೆ. ಅಮ್ಮ ತೀರಿಹೋದ ಮೇಲೂ ಅವಳ ಮಿಷಿನ್ನು ಆಗಾಗ ಮುನಿಸಿಕೊಂಡು ದಾರ ಕಡಿಯುತ್ತದೆ, ಥೇಟ್ ಅಮ್ಮನ ಹಾಗೆಯೇ, ಎಣ್ಣೆ ಹಾಕಿ ನಾಲ್ಕು ಒಳ್ಳೆಯ ಮಾತಾಡಿದರೆ ಸರಿಹೋಗುತ್ತದೆ. ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಕೊಂಡು ತಂದ ಪ್ಯಾಂಟನ್ನು ಮೋಟು ಮಾಡಿಸುವವರೇ ಎಲ್ಲ. ಕಾಲಂಚು ಬಿಚ್ಚಿ ಉದ್ದ ಮಾಡುವ ಕೆಲಸ ಬಂದರೆ ಈಗಲೂ ನಿನ್ನ ನೆನಪಾಗುತ್ತದೆ. ನಿನ್ನ ಸ್ಕೂಲ್ ಪ್ಯಾಂಟುಗಳಲ್ಲಿ ನಾನು ಬಿಚ್ಚದ ಅಂಚು ಯಾವುದಿತ್ತು ಹೇಳು! ಅಪ್ಪ ಇನ್ನೂ ಲಿಫ್ಟ್ ರಿಪೇರಿಗೆ ಹೋಗುತ್ತಾರೆ. ಬಿಡು ಅಂದರೆ, "ಜನ ಮೇಲೆ ಹೋಗೋದು ಬೇಡ್ವಾ?" ಅನ್ನುತ್ತಾರೆ.

ನೀನೇ ಹಚ್ಚಿದ ಚಟ, ಆ ಆಟಗಾರನ ಹೆಸರು ಊಹಿಸುವ ಆಟ, ನಮ್ಮ ಮನೆಯಲ್ಲಿ ಈಗ ಹಲ್ಲುಜ್ಜುವಷ್ಟೇ ಖಾಯಂ. ದಿನಕ್ಕೊಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ, ಎಂಟು ಅವಕಾಶ. ಒಂದು ಹೆಸರು ಹೊಡೆದರೆ ಅವನ ತಂಡ, ಎತ್ತರ, ವಯಸ್ಸು, ಅಂಗಿಯ ನಂಬರು, ಇನ್ನೂ ಆಡುತ್ತಿದ್ದಾನೋ ಬಿಟ್ಟಿದ್ದಾನೋ ಎನ್ನುವುದು, ಇಷ್ಟರಲ್ಲಿ ಯಾವುದು ಕೂಡಿಬಂತೋ ಅದು ಹಸಿರು, ಉಳಿದದ್ದು ಕೆಂಪು. ಚೆಂಡನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲದ ನಾನು ನಿಮ್ಮ ಲೀಗಿನ ಅರ್ಧ ಜನರ ಜಾತಕ ಬಾಯಿಪಾಠ ಮಾಡಿಕೊಂಡಿದ್ದೇನೆ. ಎತ್ತರದಲ್ಲಂತೂ ನನ್ನನ್ನು ಮೀರಿಸುವವರಿಲ್ಲ. ಆಟದವರು ಬರೆಯುವ ಎತ್ತರ ಶೂ ಹಾಕಿ ಅಳೆದದ್ದು ಅಂತ ದರ್ಜಿಯ ಕಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಪ್ಪನೂ ಆಡುತ್ತಾರೆ ಅಂತ ನಿನಗೆ ಹೇಳಿಯೇ ಇರಲಿಲ್ಲ. ನೀನು ಲಿಫ್ಟ್ ಕಂಪನಿಯ ಕೆಲಸ ಬೇಡವೆಂದು ಬ್ಯಾಸ್ಕೆಟ್‌ಬಾಲ್ ಆಡಲು ಹೊರಟ ದಿನ ಬಾಗಿಲಲ್ಲಿ ನಿಂತು, "ಚೆಂಡು ಎಷ್ಟು ದಿನ ಪುಟಿಯುತ್ತೋ ನೋಡೋಣ" ಅಂದರಲ್ಲ, ಅವತ್ತಿನಿಂದ ನಿಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ನಿನ್ನ ಸುದ್ದಿ ತೆಗೆದರೆ ಸಾಕು, ಎದ್ದು ಹೋಗಿ ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಾರೆ. ನಮ್ಮ ಮನೆಯ ಬಾಗಿಲಷ್ಟು ಸದ್ದಿಲ್ಲದ ಬಾಗಿಲು ಈ ಬೀದಿಯಲ್ಲೇ ಇಲ್ಲ. ಅಂಥವರು ಒಂದು ಬೆಳಿಗ್ಗೆ ನನ್ನ ಫೋನಿಗೆ ಬಗ್ಗಿ, "ಏನದು?" ಅಂದರು. ಹೇಳಿಕೊಟ್ಟೆ. ಆದರೆ ಅವರದು ಮಹಾ ದಂಡದ ಆಟ. ಪರೀಕ್ಷೆಯಲ್ಲಿ ಪಕ್ಕದವನು ನೋಡದಂತೆ ಮುಚ್ಚುವ ಹುಡುಗರ ಹಾಗೆ ಅಂಗೈಯಿಂದ ಫೋನ್ ಮರೆಮಾಡಿಕೊಂಡು ಆಡುತ್ತಾರೆ. ಮುಗಿದ ಮೇಲೆ ಬಣ್ಣದ ಸಾಲುಗಳನ್ನಷ್ಟೇ ತೋರಿಸುತ್ತಾರೆ, ಅದರಲ್ಲಿ ಮೊದಲ ಸಾಲು ಯಾವತ್ತೂ ಹೆಚ್ಚೂಕಡಿಮೆ ಕೆಂಪೋ ಕೆಂಪು. "ಮೊದಲನೇದನ್ನ ಯಾಕಪ್ಪಾ ದಿನಾ ಹಾಳುಮಾಡ್ಕೋತೀಯ? ಸ್ವಲ್ಪ ಯೋಚ್ನೆ ಮಾಡಿ ಹಾಕು" ಅಂತ ರೇಗಿಸಿದರೆ, "ನನ್ನ ಆಟ ನನಗೆ" ಅನ್ನುತ್ತಾರೆ.

ನಾನಂತೂ ಆಡುತ್ತಿದ್ದದ್ದು ಒಂದೇ ಆಸೆಗೆ. ಒಂದಲ್ಲ ಒಂದು ದಿನ ಉತ್ತರ ನೀನೇ ಆಗಿರುತ್ತೀಯ, ಅವತ್ತು ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆಯಾಗಿ ಗುಂಡಿ ಹೊಲಿದುಕೊಡುತ್ತೇನೆ ಎಂದು ಎದುರು ಅಂಗಡಿಯ ಚಪ್ಪಲಿಯವನಿಗೆ ಹೇಳಿಯೂ ಆಗಿತ್ತು. ಅವನು ಆಗಲೇ ಹರಿದ ಅಂಗಿಗಳನ್ನು ಕೂಡಿಡುತ್ತಿದ್ದಾನೆ.

ಇವತ್ತು ಬೆಳಿಗ್ಗೆ ಯಾವುದೋ ಕಟ್ಟಡದಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡಿದೆ ಎಂದು ಅಪ್ಪ ಆಡದೆಯೇ ಓಡಿದರು. ನಾನೊಬ್ಬಳೇ ಕೂತೆ. ಎರಡನೇ ಊಹೆಗೇ ತಂಡ ಹಸಿರಾಯಿತು, ನಿನ್ನದೇ ತಂಡ! ಮುಂದಿನದಕ್ಕೆ ವಯಸ್ಸು ಹಸಿರು, ನಿನ್ನದೇ ವಯಸ್ಸು. ಆಮೇಲೆ ನಂಬರು, ಅದೂ ನಿನ್ನದೇ. ಎತ್ತರ ಮಾತ್ರ ನಾನು ಅಳೆದದ್ದಕ್ಕಿಂತ ಒಂದಿಂಚು ಜಾಸ್ತಿ, ಅದು ಶೂ ಅಂತ ಗೊತ್ತಿತ್ತು. ಇನ್ನೇನು, ನಿನ್ನ ಹೆಸರು ಹೊಡೆಯಬೇಕು. ಆಗ ಕೊನೆಯ ಮನೆ ನೋಡಿದೆ. "ಆಟ ಬಿಟ್ಟವರು" ಅಂತಿತ್ತು, ಅದೂ ಹಸಿರು.

ನಾನೇನು ಮಾಡಿದೆ ಗೊತ್ತಾ? ನಕ್ಕೆ ಕಣೋ. ಅಯ್ಯೋ ಪಾಪ, ನನ್ನ ತಮ್ಮನ ವಯಸ್ಸಿಗೇ ಯಾರೋ ಆಟ ಬಿಟ್ಟಿದ್ದಾನಲ್ಲ, ಇವನ ನಂಬರೇ ನನ್ನ ತಮ್ಮನಿಗೆ ಸಿಕ್ಕಿರಬೇಕು, ಸಂಜೆ ಫೋನ್ ಮಾಡಿ ಯಾರಪ್ಪಾ ಅವನು ಅಂತ ಕೇಳಬೇಕು ಅಂದುಕೊಂಡೆ. ನಿನ್ನೆಯಷ್ಟೇ ಮ್ಯಾಚ್ ಇದೆ ಅಂದವನು ಅವನಾಗಲು ಹೇಗೆ ಸಾಧ್ಯ? ಉಳಿದ ಊಹೆಗಳನ್ನೆಲ್ಲ ನಿನ್ನ ತಂಡದ ಹಳಬರ ಮೇಲೆ ಸುರಿದೆ. ಎಂಟೂ ಮುಗಿದವು. ಆಟವೇ ಉತ್ತರ ತೋರಿಸಿತು. ನಿನ್ನ ಹೆಸರು, ಪಕ್ಕದಲ್ಲಿ ಹಲ್ಲು ಕಿರಿದ ನಿನ್ನ ಫೋಟೋ.

ತಂಡದ ಪುಟ ಹುಡುಕಿದೆ. ಎರಡೇ ಸಾಲು. ಮಂಡಿಯ ಗಾಯದಿಂದ ಆಟ ನಿಲ್ಲಿಸಿದ್ದಾನೆ, ಮುಂದಿನ ದಿನಗಳಿಗೆ ಶುಭವಾಗಲಿ. ಮೂರು ತಿಂಗಳ ಹಿಂದಿನ ಸುದ್ದಿ! ಮೂರು ತಿಂಗಳಿಂದ ನೀನು ಯಾವ ಮ್ಯಾಚ್ ಆಡುತ್ತಿದ್ದೀಯೋ? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೀಯ? ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಯಾರಿದ್ದರು? ಕೋಪ ಉಕ್ಕಿ ಬಂತು, ಆಮೇಲೆ ಕತ್ತರಿ ಕೆಳಗಿಟ್ಟು ಸುಮ್ಮನೆ ಅತ್ತೆ. ನಿನ್ನ ಸೊಂಟ, ತೋಳು, ಕಾಲು ಎಲ್ಲದರ ಅಳತೆ ನಿದ್ದೆಗಣ್ಣಲ್ಲೂ ಹೇಳುವ ನನಗೆ ನಿನ್ನ ಮನಸ್ಸು ಇಷ್ಟೊಂದು ಕುಗ್ಗಿದ್ದು ಗೊತ್ತಾಗಲಿಲ್ಲವಲ್ಲ. ದನಿ ಸಣ್ಣಗಾಗಿದೆ ಎಂದು ನಾಲ್ಕೈದು ಸಲ ಅನಿಸಿತ್ತು. ಕೇಳಬಹುದಿತ್ತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ ಅನಿಸುತ್ತದೆ, ಅದೇ ಬೆಳಿಗ್ಗೆಯಿಂದ ಕೊರೆಯುತ್ತಿದೆ.

ಯಾಕೆ ಮುಚ್ಚಿಟ್ಟೆ ಅಂತ ನನಗೆ ಗೊತ್ತು. ಚೆಂಡು ಪುಟಿಯುವುದು ನಿಂತಿತು ಎಂದು ಅಪ್ಪನಿಗೆ ತಿಳಿಯಬಾರದು, ಅಷ್ಟೇ ತಾನೇ? "ನಾನು ಅವತ್ತೇ ಹೇಳಿರಲಿಲ್ವಾ" ಅನ್ನುವ ಮಾತಿಗೆ ಹೆದರಿ ಅಲ್ಲೇ ಒಬ್ಬನೇ ಕೂತಿದ್ದೀಯ. ಹೆದರಬೇಡ. ಅಪ್ಪ ಇವತ್ತು ಆಡಿಲ್ಲ. ಸಂಜೆ ಬಂದ ಕೂಡಲೇ ಆಟ ಕೆಟ್ಟುಹೋಗಿದೆ, ತೆರೆಯುತ್ತಿಲ್ಲ ಎಂದು ಸುಳ್ಳು ಹೇಳಿ ಇವತ್ತೊಂದು ದಿನ ದಾಟಿಸುತ್ತೇನೆ. ನಾಳೆ ಬೇರೆ ಯಾರೋ ಆಟಗಾರ ಬರುತ್ತಾನೆ. ನೀನು ಮಾತ್ರ ಬಂದುಬಿಡು. ನಿನ್ನ ಕೋಣೆಯಲ್ಲಿ ಬಟ್ಟೆಯ ಗಂಟುಗಳಿವೆ, ಒಂದು ಮೂಲೆಗೆ ಸರಿಸುತ್ತೇನೆ. ಮಂಚದಾಚೆ ಕಾಲು ಚಾಚಿಕೊಂಡಾದರೂ ನಮ್ಮ ಕಣ್ಣೆದುರು ಮಲಗು.

ಮೈ ಹುಷಾರು. ಮಂಡಿಗೆ ಬಿಸಿ ಶಾಖ ಕೊಟ್ಟುಕೋ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಕಣೋ.

ನಿನ್ನ
ಅಕ್ಕ

ತಾಜಾ ಕಲಂ: ಲಕೋಟೆಗೆ ಗೋಂದು ಹಚ್ಚುತ್ತಿದ್ದೆ, ಅಪ್ಪ ಬಂದರು. ನಾನು ಸುಳ್ಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಫೋನನ್ನು ಮಿಷಿನ್ನಿನ ಮೇಲಿಟ್ಟರು. ಒಂದೇ ಸಾಲು ಕಣೋ, ಪೂರ್ತಿ ಹಸಿರು. ಲಿಫ್ಟಿನ ಕೆಲಸ ಮುಗಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಆಡಿದರಂತೆ. ಆ ಫೋನಿನಲ್ಲಿ ನಿನ್ನ ಹೆಸರಿನ ಮೊದಲ ಅಕ್ಷರ ಒತ್ತಿ ನೋಡಿದೆ, ಉಳಿದದ್ದನ್ನು ಫೋನೇ ತುಂಬಿಕೊಂಡಿತು, ಅಷ್ಟು ಸಲ ಹೊಡೆದಿದ್ದಾರೆ. ದಿನಾ ಹಾಳುಮಾಡುತ್ತಿದ್ದ ಆ ಮೊದಲ ಊಹೆ ನೀನೇ. ನೀನು ಆಟ ಬಿಟ್ಟದ್ದೂ ಆ ಸಾಲಿನಲ್ಲೇ ಅವರಿಗೆ ಎಂದೋ ಕಂಡಿರಬೇಕು. "ನಾನು ಅವತ್ತೇ ಹೇಳಿದ್ದೆ" ಅನ್ನಲಿಲ್ಲ. "ಮಂಡಿ ತುಂಬಾ ನೋಯ್ತಿದ್ಯಾ ಅಂತ ಕೇಳು" ಅಂದರು. ನೀನೇ ಕೇಳಪ್ಪಾ ಅಂದೆ. ಈಗ ಫೋನ್ ಹಿಡಿದುಕೊಂಡು ಬಾಗಿಲ ಹತ್ತಿರ ಕೂತಿದ್ದಾರೆ, ಎಣ್ಣೆ ಡಬ್ಬಿ ಮುಟ್ಟಿಲ್ಲ. ಕಾಗದ ತಲುಪುವ ಮೊದಲೇ ಅವರೇ ಫೋನ್ ಮಾಡಿದರೂ ಮಾಡಿಯಾರು. ಮಾಡದಿದ್ದರೆ ನೀನೇ ಮಾಡು. ಮ್ಯಾಚ್ ಇದೆ ಅಂತ ಮಾತ್ರ ಹೇಳಬೇಡ.